ನಲವತ್ತಾರು

ಲ್ಯಾಮಿನೇಶನ್ ಮಾಡಿಸಿದ್ದೇ ತಪ್ಪಾಯ್ತು,
ಒಂದು ಅಂಕಿಯೂ ಮಾಸಿಲ್ಲ.
ಕೆಮಿಸ್ಟ್ರಿ ಮೂವತ್ತೈದು, ಅದೂ ಮೂರನೇ ಸಲಕ್ಕೆ.

ಸೇಡಂ ರಸ್ತೆಯ ಕಾಲೇಜು. ಮೇಜಿನಾಚೆ ಮೂವರು.
“ಫಿಜಿಷಿಯನ್ ಅಸಿಸ್ಟೆಂಟ್ ಅಂದ್ರ ಹುಡುಗಾಟ ಅಲ್ಲ, ಮಹಾನಂದಾ.
ಏನಿದು ನಲವತ್ತಾರು ಪರ್ಸೆಂಟು?”

ಅವ್ವನಿಗೆ ಜಡ್ಡಾಗಿತ್ತು ಅನ್ನಲೆ?
ಶಹಾಬಾದಿನಲ್ಲಿ ಫರಸಿಯ ಮೇಲೆ ಕೂತು
ಈಗಲೂ ಗಟ್ಟಿ ಕೈಯಿಂದ ತೊಗರಿ ಕೇರುತ್ತಾಳೆ.
“ಓದಲಿಲ್ರಿ ಸರ್” ಅಂದೆ.
ಖರೆ ಅದು. ಸಿನಿಮಾ, ಗೆಳತಿಯರು, ನಿದ್ದೆ.

ಆಮೇಲೆ ನಾಲ್ಕು ವರ್ಷ
ಡಯಾಲಿಸಿಸ್ ವಾರ್ಡಿನ ರಾತ್ರಿಪಾಳಿ.
ಅದಕ್ಕೆ ಯಾರೂ ಮಾರ್ಕ್ಸ್ ಕಾರ್ಡ್ ಕೊಡಲಿಲ್ಲ.
ಜೇವರ್ಗಿಯ ಮಾಳಪ್ಪ ಮುತ್ಯಾ
ಎತ್ತಿನ ಕಥೆ ಹೇಳುತ್ತಾ ಹೇಳುತ್ತಾ
ಒಂದು ಸಲ ಆಕಳಿಸಿದ. ಮತ್ತೊಂದು ಸಲ.
ಅದು ನಿದ್ದೆಯ ಆಕಳಿಕೆಯಲ್ಲ,
ಬಿಪಿ ಕುಸಿಯುತ್ತಿತ್ತು.
ಯಂತ್ರ ಕೂಗುವ ಮೊದಲೇ
ನಾನು ಅವನ ಕಾಲು ಎತ್ತಿ ಹಿಡಿದಿದ್ದೆ.

ಇಷ್ಟು ಹೇಳಿದೆ.
ನಡುವೆ ಕೂತ ಡಾಕ್ಟರಮ್ಮ ಪೆನ್ನು ಕೆಳಗಿಟ್ಟು
“ಆಮ್ಯಾಲ? ಆ ಎತ್ತಿಗೇನಾತು?” ಅಂದರು.

ಪಟ್ಟಿಯಲ್ಲಿ ನನ್ನದೇ ಕೊನೆಯ ಹೆಸರು.
ಗೋಡೆಯ ಮೇಲೆ ಬೆರಳು ಇಳಿದು ಇಳಿದು
ನೋಟೀಸಿನ ಅಂಚಿಗೆ ಬಂದು ನಿಂತಿತು.
ಅವ್ವನಿಗೆ ಫೋನು ಹಚ್ಚಿದೆ.
ಮೊರದ ಸದ್ದು ನಿಂತಿತು.
ಬಹಳ ಹೊತ್ತಿನ ಮೇಲೆ ಕೇಳಿದಳು:
“ಇದ್ರಾಗೂ ಕೆಮಿಸ್ಟ್ರಿ ಅದ ಏನ?”

“ಅದ ಅವ್ವ” ಅಂದೆ.