ಮೆಟ್ಟಿಲು ರೆಕ್ಕೆಯ ಹದ್ದು

ಕಾಲೇಜಿನ ಲೈಬ್ರರಿಯಲ್ಲಿ, ಬೆನ್ನು ಹರಿದ ಪುಸ್ತಕ.
ಒಳಗೊಂದು ಕೆಂಪು ಬಾವುಟ, ನಡುವೆ ಕರಿ ಹದ್ದು,
ರೆಕ್ಕೆಯ ಅಂಚು ಮೆಟ್ಟಿಲು ಮೆಟ್ಟಿಲು.
ದ್ರಾಕ್ಷಿ ತೋಟದ ಕೂಲಿಗಳು ಯಾರು ಬೇಕಾದರೂ
ಸ್ಕೇಲಿಟ್ಟು ಗೀಚಲಿ ಅಂತಲೇ ಹಾಗೆ ಬರೆದರಂತೆ.

ನನಗೆ ಇಲ್ಲಿ ಮೂರು ವರ್ಷ ಕಲಿಸಿದ್ದು
ಇನ್ನೊಬ್ಬರ ಕೈಗೆ ಬಾರದ ಗೆರೆ:
ಅಳಿಲು ಬಾಲದ ಕುಂಚ, ಚಿನ್ನದ ರೇಕು,
ಉಸಿರು ಬಿಗಿಹಿಡಿದು ದೇವಿಯ ಮೂಗುತಿ.

ಚಿಕಾನೋ. ಮೊದಲು ಅದು ಬೈಗುಳವಂತೆ.
ಎತ್ತಿಕೊಂಡು, ಒರೆಸಿ, ಹೆಸರು ಮಾಡಿಕೊಂಡರು;
ಸೇತುವೆ ಕಂಬಗಳ ತುಂಬ ತಮ್ಮವೇ ಮುಖ ಬರೆದರು.
ನಮ್ಮ ಓಣಿಗೂ ಅಂಥದ್ದೊಂದು ಪದವಿದೆ.
ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆಯಹೋದೆ.
ಮೊದಲ ಅಕ್ಷರಕ್ಕೇ ಪೆನ್ಸಿಲ್ ನಿಂತಿತು.

ಹೋದ ದಸರೆಗೆ ಇರ್ವಿನ್ ರಸ್ತೆಯ ಗೋಡೆಗೆ
ಚದರಡಿಗೆ ಇಷ್ಟು ಅಂತ ಆನೆ ಬರೆದವಳು ನಾನು.
ಬೆಳಗಿನ ಐದಕ್ಕೆ ಅದೇ ಗೋಡೆಯ ಬುಡ
ಗುಡಿಸುತ್ತ ಬಂದರು ಅವ್ವ, ಚೆನ್ನಾಜಮ್ಮ.
"ಆನೆ ಚೆಂದಾಗದೆ ಕಣೆ," ಅಂದರು ಚೆನ್ನಾಜಮ್ಮ,
"ಲದ್ದಿ ಎಲ್ಲೆ?"
ನಕ್ಕಿದ್ದೆ ಆಗ. ಇವತ್ತು ಲೈಬ್ರರಿಯಲ್ಲಿ
ಆ ಮಾತು ಗಂಟಲಿಗೆ ಸಿಕ್ಕಿಕೊಂಡಿತು.

ರಾತ್ರಿ ಅಡುಗೆಮನೆ ನೆಲದಲ್ಲಿ
ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ, ಇದ್ದಿಲಲ್ಲಿ,
ಏಳು ನೆಟ್ಟ ಗೆರೆ, ಒಂದು ಅಡ್ಡ ಗೆರೆ.
ಪೊರಕೆ. ಯಾರು ಬೇಕಾದರೂ ಬರೆಯಬಹುದು.
ಅನ್ನದ ಸೌಟು ಹಿಡಿದೇ ಅವ್ವ ಬಗ್ಗಿ ನೋಡಿದಳು.
"ಒಂದೇ ಕಟ್ಟಾ? ಎರಡು ದಿನಕ್ಕೆ ಬಿಚ್ಚೋಯ್ತದೆ."
ನನ್ನ ಕೈಯಿಂದ ಇದ್ದಿಲು ಕಿತ್ತು,
ಕೆಳಗೆ ಇನ್ನೊಂದು ಗೆರೆ,
ಕಾಗದ ಹರಿಯುವಷ್ಟು ಒತ್ತಿ, ಎಳೆದಳು.