ಒಡೆದು ನೋಡು

ಏಪ್ರಿಲ್ಲಿನಲ್ಲಿ ಲಾಲ್‌ಬಾಗಿನ ಮಿರ್ಚಿಗಲ್ಲಿಗೆ ಹೋದವರ
ಕಣ್ಣೀರಿಗೆ ಯಾರೂ ಕಾರಣ ಕೇಳುವುದಿಲ್ಲ.

ಶೇವಂತಾಬಾಯಿ ಅಂಗಡಿಯವನ ಎದುರೇ
ಒಂದು ಏಲಕ್ಕಿ ಹಲ್ಲಿಗಿಟ್ಟಳು.
ಹಸಿರಾಗಿತ್ತು, ದುಂಡಗೆ, ಮದುವೆಗೆ ಹೊರಟ ಹಾಗೆ.
ಥೂ ಎಂದಳು.
"ಎಣ್ಣೆ ಹಿಂಡಿ ಬಿಟ್ಟ ಮಾಲು. ಬರೀ ಮೈ."
ಅವನು ನಕ್ಕು
ಗಲ್ಲೆಯ ಕೆಳಗಿನ ಡಬ್ಬಿ ತೆಗೆದ.

ಆ ಡಬ್ಬಿಯದನ್ನು ಉಗುರಲ್ಲಿ ಸೀಳಿ ತೋರಿಸಿದಳು ನನಗೆ:
ಮೂರೇ ಖೋಲಿ, ಹದಿನೆಂಟು ಜನ,
ಕಪ್ಪಗೆ, ಅಂಟಂಟಾಗಿ, ಒಬ್ಬರ ಮೇಲೊಬ್ಬರು.
"ನಮ್ಮ ಚಾಳೇ ನೋಡು."

ದೊಡ್ಡ ಏಲಕ್ಕಿ ಮೂಸಿದೆ: ಬಚ್ಚಲೊಲೆಯ ಹೊಗೆ.
ಚಕ್ರಮೊಗ್ಗಿನ ಒಂದೆಸಳು ಮುರಿದಿತ್ತು;
ತಕ್ಕಡಿಗೆ ಅದರ ಚಿಂತೆಯಿಲ್ಲ.
ಡಂಕದ ಕುಟ್ಟಾಣಿಗಳು ಧಡ್ ಧಡ್,
ಮಾತೆಲ್ಲ ಸನ್ನೆಯಲ್ಲೇ.

ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ
ಮಡಿಲ ಬಿಸಿ ಮಸಾಲೆ ಬೈಗುಳ ತಿಂದಿತು.
ಸೀನಿದವಳೇ ಕುರ್ಲಾ ದಾಟಿದ ಮೇಲೆ ಕೇಳಿದಳು,
"ಯಾವ ಅಂಗಡಿ?"

ಆ ರಾತ್ರಿ ಶ್ಯಾವಿಗೆ ಪಾಯಸಕ್ಕೆ ಬೀಜ ಕುಟ್ಟಿ
ಸಿಪ್ಪೆ ಎಸೆಯಹೋದರೆ ಕೈ ಹಿಡಿದಳು,
ಚಹಾಪುಡಿ ಡಬ್ಬಿಯ ಕಡೆ ಗದ್ದ ತೋರಿಸಿ.

ಚಾಳು ಕೆಡವಿದರು. ಅವಳು ವಿರಾರಿಗೆ, ಮಗಳ ಮನೆಗೆ.
ಈ ಏಪ್ರಿಲ್ಲಿನಲ್ಲಿ ಒಬ್ಬಳೇ ಹೋದೆ.
ಏಲಕ್ಕಿ ಹಲ್ಲಿಗಿಟ್ಟೆ.
ಉಗಿಯುವ ಮೊದಲೇ
ಅವನ ಕೈ ಗಲ್ಲೆಯ ಕೆಳಗೆ ಹೋಗಿತ್ತು.