ಕನ್ನಡಿಯ ಮೇಲೊಂದು ಗೀರು

ಗುರಿದುರ್ಬೀನು ಹಗಲಲ್ಲೇ ಹೊಂದಿಸಿಕೊಳ್ಳಬೇಕು.
ಪಾಂಡವಪುರದ ತಾರಸಿಯಿಂದ
ಸಕ್ಕರೆ ಕಾರ್ಖಾನೆಯ ಚಿಮಣಿಗೆ ತಿರುಗಿಸಿದೆ.
ತಲೆಕೆಳಗು ಚಿಮಣಿ. ಹೊಗೆ
ನೀರಿನ ಹಾಗೆ ಕೆಳಕ್ಕೆ ಸುರಿಯುತ್ತಿತ್ತು.

‘ಕೆಟ್ಟೋಗೈತೇನ್ಲಾ?’ ಅಂದಳು ಚೆಲುವಾಜಮ್ಮತ್ತೆ,
ಬಟ್ಟೆ ಹಿಂಡುತ್ತ.
ಇಲ್ಲತ್ತೆ, ಅದು ನೋಡೋದೇ ಹಂಗೆ.

ಕಬ್ಬು ಅರೆಯುವ ತಿಂಗಳು.
ಕರಿಬೂದಿ ಒಣಹಾಕಿದ ಸೀರೆಗೆ, ಹಪ್ಪಳಕ್ಕೆ,
ಕೊನೆಗೆ ಕೊಳವೆಯ ತಳದ ಕನ್ನಡಿಗೂ.
ಮುಟ್ಟಬೇಡ, ಬಾಯಲ್ಲಿ ಊದಬೇಡ,
ಧೂಳಿದ್ದರೆ ಇರಲಿ ಬಿಡು
ಅಂತ ಎಷ್ಟು ಹೇಳಿದ್ದೆ!
ನಾನಿಲ್ಲದಾಗ
ಮೋಟು ಕೊಳವೆಯೊಳಗೆ ಕೈ ತೂರಿಸಿ
ಒದ್ದೆ ಸೆರಗಲ್ಲಿ, ದೀಪದ ಕಂಬ ಉಜ್ಜಿದಂತೆ
ಉಜ್ಜಿಟ್ಟಿದ್ದಳು.

ಗೀರು, ಬೈತಲೆಯಷ್ಟು ನೇರ.
ಎರಡು ದಿನ ನಾನು ಮಾತಾಡಲಿಲ್ಲ.

ಮೂರನೇ ರಾತ್ರಿ
ಕೊಳವೆಯ ಕಾವು ಆರಲೆಂದು ಅರ್ಧ ಗಂಟೆ ಹೊರಗಿಟ್ಟು,
ಕಡಿಮೆ ಹಿಗ್ಗಿಸುವ ಮಸೂರದಿಂದಲೇ ಶುರುಮಾಡಿ
ಹುಡುಕಿದೆ.
ಶನಿ ಇತ್ತು, ಬಳೆ ಸಮೇತ,
ಗೀರಿಗೆ ಸೊಪ್ಪು ಹಾಕದೆ.

ಅತ್ತೆ ಕಣ್ಣಿಟ್ಟಳು. ಬಹಳ ಹೊತ್ತು.
ಅದು ಜಾರುತ್ತದೆ, ನಾನು ಬೆರಳಷ್ಟು ತಳ್ಳುತ್ತೇನೆ,
ಮತ್ತೆ ಜಾರುತ್ತದೆ.
‘ನಾ ಒರೆಸಿದ್ಕೇ ಅಲ್ವೇನ್ಲಾ
ಇಷ್ಟು ನಿಚ್ಚಳವಾಗಿ ಕಾಣ್ತಾ ಇರಾದು?’

ಹೂಂ ಅತ್ತೆ, ಅಂದೆ.
ಮುಚ್ಚಳ ಹಾಕುತ್ತ, ಮೆಲ್ಲಗೆ:
ಇನ್ನು ಹತ್ತು ವರ್ಷ ಒರೆಸೋದೇ ಬೇಡ.